ದ್ರಾವಣ ತಯಾರಿಕೆಯಲ್ಲಿ ಅಣುತೂಕ

ಅಣುತೂಕ ಎಂದರೆ ಒಂದು ಸಂಯುಕ್ತದ ಅಣುಸೂತ್ರದಲ್ಲಿರುವ ಎಲ್ಲ ಪರಮಾಣುಗಳ ಪರಮಾಣು ತೂಕಗಳ ಮೊತ್ತ. ಲವಣಗಳಂತಹ ಅಯಾನಿಕ ಸಂಯುಕ್ತಗಳಲ್ಲಿ ಇದನ್ನು ಸೂತ್ರತೂಕ ಎಂದು ಕರೆಯುವುದು ಹೆಚ್ಚು ಸರಿ. ಈ ಸಂಖ್ಯೆಯಷ್ಟು ಗ್ರಾಂ ವಸ್ತುವಿನಲ್ಲಿ ಒಂದು ಮೋಲ್ ವಸ್ತು ಇರುತ್ತದೆ. ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ನಿಗದಿತ ಸಾರತೆಯ ದ್ರಾವಣ ತಯಾರಿಸಲು ಅಣುತೂಕವೇ ಆಧಾರ. ಒಂದೇ ಹೆಸರಿನ ರಾಸಾಯನಿಕಕ್ಕೆ ಒಂದಕ್ಕಿಂತ ಹೆಚ್ಚು ಅಣುತೂಕಗಳು ಇರಬಹುದಾದ್ದರಿಂದ, ಬಾಟಲಿಯಲ್ಲಿರುವ ರೂಪ ಯಾವುದೆಂದು ಗುರುತಿಸಿದ ಮೇಲೆಯೇ ಸಂಖ್ಯೆಯನ್ನು ಆರಿಸಬೇಕಾಗುತ್ತದೆ.

ಲೆಕ್ಕಾಚಾರ

ಬೇಕಾದ ವಸ್ತುವಿನ ತೂಕವನ್ನು (ಗ್ರಾಂಗಳಲ್ಲಿ) ಪಡೆಯಲು ಮೋಲಾರತೆ, ಲೀಟರ್‌ಗಳಲ್ಲಿ ಗಾತ್ರ ಮತ್ತು ಅಣುತೂಕ ಈ ಮೂರನ್ನೂ ಗುಣಿಸಬೇಕು. ಉದಾಹರಣೆಗೆ, 0.1 ಮೋಲಾರ್ ಆಕ್ಸಾಲಿಕ್ ಆಮ್ಲದ 250 ಮಿಲಿಲೀಟರ್ ದ್ರಾವಣಕ್ಕೆ 0.1 × 0.25 × 126.06, ಅಂದರೆ ಸುಮಾರು 3.15 ಗ್ರಾಂ ಡೈಹೈಡ್ರೇಟ್ ಸ್ಫಟಿಕಗಳು ಬೇಕು. ಅವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅಳತೆಯ ಫ್ಲಾಸ್ಕಿಗೆ ವರ್ಗಾಯಿಸಿ, ನಂತರ ಗುರುತಿನವರೆಗೆ ನೀರು ತುಂಬಲಾಗುತ್ತದೆ. 250 ಮಿಲಿಲೀಟರ್ ನೀರಿಗೆ ಸ್ಫಟಿಕಗಳನ್ನು ಸೇರಿಸುವುದು ಸರಿಯಾದ ಕ್ರಮವಲ್ಲ.

ಪರಮಾಣು ತೂಕಗಳ ಮೂಲ

ಪರಮಾಣು ತೂಕಗಳನ್ನು ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟದ (ಐಯುಪಿಎಸಿ) ಆಯೋಗವೊಂದು ಕಾಲಕಾಲಕ್ಕೆ ಪರಿಷ್ಕರಿಸಿ ಪ್ರಕಟಿಸುತ್ತದೆ. 1961ರಿಂದ ಇಂಗಾಲ-12 ಐಸೋಟೋಪನ್ನು ಈ ಅಳತೆಯ ಆಧಾರವಾಗಿ ಬಳಸಲಾಗುತ್ತಿದೆ. ಜಲಜನಕ 1.008, ಇಂಗಾಲ 12.011, ಆಮ್ಲಜನಕ 15.999, ಗಂಧಕ 32.06 ಮತ್ತು ತಾಮ್ರ 63.546 ಎಂಬ ಬೆಲೆಗಳು ಶಾಲಾ ಲೆಕ್ಕಗಳಿಗೆ ಧಾರಾಳವಾಗಿ ಸಾಕು.

ಬೇರೆ ಬೇರೆ ಪಟ್ಟಿಗಳಲ್ಲಿ ಕೊನೆಯ ದಶಮಾಂಶ ಸ್ಥಾನಗಳು ಹೊಂದದಿರುವುದುಂಟು. ಮೋಹರ್ ಲವಣದ ಅಣುತೂಕವು ಒಂದು ಪಟ್ಟಿಯಲ್ಲಿ 392.12 ಎಂದೂ ಇನ್ನೊಂದರಲ್ಲಿ 392.14 ಎಂದೂ ಇರಬಹುದು. ಪರಮಾಣು ತೂಕಗಳನ್ನು ಅಂದಾಜಿಸಿದ ರೀತಿಯಿಂದ ಈ ವ್ಯತ್ಯಾಸ ಬರುತ್ತದೆ. ಇದು ಇಪ್ಪತ್ತು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. 0.01 ಗ್ರಾಂವರೆಗೆ ತೂಗುವ ಶಾಲಾ ತಕ್ಕಡಿಯಲ್ಲಿ ಅದು ಗೋಚರಿಸುವುದೇ ಇಲ್ಲ.

ಸ್ಫಟಿಕ ಜಲ

ನಿಜವಾದ ದೋಷಗಳು ಸ್ಫಟಿಕ ಜಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ ಉಂಟಾಗುತ್ತವೆ. ಅನೇಕ ಲವಣಗಳ ಹರಳುಗಳಲ್ಲಿ ನೀರಿನ ಅಣುಗಳು ನಿಶ್ಚಿತ ಸಂಖ್ಯೆಯಲ್ಲಿ ಸೇರಿಕೊಂಡಿರುತ್ತವೆ. ಅಂತಹ ಪ್ರತಿಯೊಂದು ಅಣುವಿಗೂ 18.015 ಕೂಡಿಸಬೇಕು. ಸಾಮಾನ್ಯ ಬಳಕೆಯ ಕೆಲವು ವಸ್ತುಗಳ ಅಣುತೂಕಗಳು ಹೀಗಿವೆ:

- ಆಕ್ಸಾಲಿಕ್ ಆಮ್ಲ: ನಿರ್ಜಲ 90.03, ಡೈಹೈಡ್ರೇಟ್ 126.06
- ತಾಮ್ರದ ಸಲ್ಫೇಟ್: ನಿರ್ಜಲ 159.60; ಪೆಂಟಾಹೈಡ್ರೇಟ್ 249.68
- ಸೋಡಿಯಂ ಕಾರ್ಬೊನೇಟ್: ನಿರ್ಜಲ 105.99, ಡೆಕಾಹೈಡ್ರೇಟ್ (ವಾಷಿಂಗ್ ಸೋಡಾ) 286.14
- ಸೋಡಿಯಂ ಥಯೋಸಲ್ಫೇಟ್: ನಿರ್ಜಲ 158.10, ಪೆಂಟಾಹೈಡ್ರೇಟ್ 248.17
- ಮೋಹರ್ ಲವಣ (ಹೆಕ್ಸಾಹೈಡ್ರೇಟ್): 392.12
- ಪೊಟ್ಯಾಸಿಯಂ ಪರ್ಮಾಂಗನೇಟ್: 158.03
- ಸೋಡಿಯಂ ಹೈಡ್ರಾಕ್ಸೈಡ್: 40.00

ಮೇಲಿನ ಆಕ್ಸಾಲಿಕ್ ಆಮ್ಲದ ಉದಾಹರಣೆಯಲ್ಲಿ ಡೈಹೈಡ್ರೇಟ್ ಹರಳುಗಳನ್ನೇ ಬಳಸಿ, 90.03 ಎಂಬ ಬೆಲೆಯಿಂದ ಲೆಕ್ಕ ಮಾಡಿದರೆ 2.25 ಗ್ರಾಂ ಮಾತ್ರ ತೂಗಿದಂತಾಗುತ್ತದೆ. ಆಗ ದ್ರಾವಣದ ಸಾರತೆ 0.1 ಮೋಲಾರ್ ಆಗಿರದೆ ಸುಮಾರು 0.071 ಮೋಲಾರ್ ಆಗಿರುತ್ತದೆ. ಇದರಿಂದ ಅನುಮಾಪನೆ ಮಾಡಿದ ಸೋಡಿಯಂ ಹೈಡ್ರಾಕ್ಸೈಡಿನ ಸಾರತೆ ನಿಜಕ್ಕಿಂತ ಶೇ. 40ರಷ್ಟು ಹೆಚ್ಚಾಗಿ ಬರುತ್ತದೆ. ಬ್ಯುರೆಟ್ಟಿನ ಅಳತೆಗಳು ಮಾತ್ರ ಪ್ರತಿಬಾರಿಯೂ ಪರಸ್ಪರ ಹೊಂದಿಕೊಳ್ಳುತ್ತವೆ. ಅಳತೆಗಳು ಒಂದಕ್ಕೊಂದು ಸರಿಹೊಂದುವುದು ಕೈಚಳಕಕ್ಕೆ ಸಾಕ್ಷಿಯೇ ಹೊರತು ದ್ರಾವಣದ ಸತ್ಯತೆಗೆ ಸಾಕ್ಷಿಯಲ್ಲ.

ಕೊಡಗಿನಲ್ಲಿ ಮೈಲುತುತ್ತ

ಪ್ರಯೋಗಾಲಯದ ಹೊರಗೂ ಇದೇ ಪ್ರಶ್ನೆ ಎದುರಾಗುತ್ತದೆ ಎಂಬುದಕ್ಕೆ ಕೊಡಗು ಜಿಲ್ಲೆಯ ಕಾಫಿ ತೋಟಗಳು ಉತ್ತಮ ನಿದರ್ಶನ. ತಾಮ್ರದ ಸಲ್ಫೇಟ್ ಅಲ್ಲಿ ಮೈಲುತುತ್ತ ಎಂಬ ಹೆಸರಿನಿಂದ ಪರಿಚಿತ. ಮೈಲುತುತ್ತ, ಸುಣ್ಣ ಮತ್ತು ನೀರು ಸೇರಿದ ಬೋರ್ಡೋ ದ್ರಾವಣವನ್ನು ಕಾಫಿಯ ಎಲೆತುಕ್ಕು ರೋಗ, ಕೊಳೆರೋಗ ಹಾಗೂ ಕಾಳುಮೆಣಸಿನ ಸೊರಗು ರೋಗಗಳ ವಿರುದ್ಧ ಸಿಂಪಡಿಸಲಾಗುತ್ತದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ ಇದರ ಉಪಯೋಗವನ್ನು ಅಧ್ಯಯನ ಮಾಡಿದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ, 1885ರಲ್ಲಿ ಅದನ್ನು ಪ್ರಕಟಿಸಿದನು.

ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತ ಮತ್ತು 1 ಕಿಲೋಗ್ರಾಂ ಸುಣ್ಣ ಬೇಕು. ಎಲೆತುಕ್ಕು ರೋಗಕ್ಕೆ ಶೇ. 0.5ರ ದ್ರಾವಣ ಬಳಕೆಯಲ್ಲಿದೆ. ಈ ಸೂತ್ರಗಳು ನೀಲಿ ಪೆಂಟಾಹೈಡ್ರೇಟ್ ಹರಳುಗಳನ್ನು ಕುರಿತವು. ಪೆಂಟಾಹೈಡ್ರೇಟಿನಲ್ಲಿ ತಾಮ್ರದ ಅಂಶ ಶೇ. 25.5ರಷ್ಟಿದ್ದರೆ, ಬಿಳಿಯ ನಿರ್ಜಲ ಪುಡಿಯಲ್ಲಿ ಅದು ಶೇ. 39.8ರಷ್ಟಿರುತ್ತದೆ. ಆದ್ದರಿಂದ ಅಷ್ಟೇ ತೂಕದ ನಿರ್ಜಲ ರೂಪವನ್ನು ಬಳಸಿದರೆ ದ್ರಾವಣದಲ್ಲಿ ತಾಮ್ರವು ಒಂದೂವರೆ ಪಟ್ಟಿಗೂ ಮೀರುತ್ತದೆ. ಸುಣ್ಣ ಸಾಕಷ್ಟಿದೆಯೇ ಎಂಬುದನ್ನು ತಿಳಿಯಲು ಕಬ್ಬಿಣದ ಚಾಕು ಅಥವಾ ಮೊಳೆಯನ್ನು ದ್ರಾವಣದಲ್ಲಿ ಅದ್ದುವ ಪದ್ಧತಿಯಿದೆ. ಅದರ ಮೇಲೆ ಕೆಂಪು ಬಣ್ಣದ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕು.

ಕೃಷಿ ಬಳಕೆಯ ಮೈಲುತುತ್ತವು ಶಾಲೆಗಳಲ್ಲಿ ಹರಳು ಬೆಳೆಸುವಂತಹ ಪ್ರಯೋಗಗಳಿಗೆ ಆಗಬಹುದಾದರೂ, ಅದರ ಶುದ್ಧತೆ ಖಚಿತವಿಲ್ಲದ ಕಾರಣ ಪ್ರಮಾಣಿತ ದ್ರಾವಣಕ್ಕೆ ಯೋಗ್ಯವಲ್ಲ.

ಅಣುತೂಕವೊಂದೇ ಸಾಲದ ಸಂದರ್ಭಗಳು

ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಮಲೆನಾಡು ಮತ್ತು ಕೊಡಗಿನ ಮಳೆಗಾಲದ ತೇವಭರಿತ ಹವೆಯಲ್ಲಿ, ತೂಗುತ್ತಿರುವಾಗಲೇ ಅದರ ಗುಳಿಗೆಗಳು ಒದ್ದೆಯಾಗುತ್ತವೆ. ನಿರ್ಜಲ ತಾಮ್ರದ ಸಲ್ಫೇಟ್ ನೀರು ಹೀರಿ ನೀಲಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ವಾಷಿಂಗ್ ಸೋಡಾದ ಹರಳುಗಳು ಒಣಗಾಳಿಯಲ್ಲಿ ನೀರನ್ನು ಕಳೆದುಕೊಂಡು ಪುಡಿಯಾಗುತ್ತವೆ. ಇಂತಹ ವಸ್ತುಗಳ ದ್ರಾವಣವನ್ನು ಅಂದಾಜಿನಲ್ಲಿ ತಯಾರಿಸಿ, ಆಕ್ಸಾಲಿಕ್ ಆಮ್ಲದಂತಹ ಪ್ರಾಥಮಿಕ ಪ್ರಮಾಣಿತ ವಸ್ತುವಿನ ನೆರವಿನಿಂದ ಅದರ ನಿಜವಾದ ಸಾರತೆಯನ್ನು ಕಂಡುಕೊಳ್ಳಲಾಗುತ್ತದೆ.

ದ್ರವರೂಪದ ಆಮ್ಲಗಳಿಗೆ ಶೇಕಡಾವಾರು ಪ್ರಮಾಣ ಮತ್ತು ಸಾಂದ್ರತೆಗಳೂ ಬೇಕು. ಶೇ. 98ರ ಸಲ್ಫ್ಯೂರಿಕ್ ಆಮ್ಲದ ಅಣುತೂಕ 98.07, ಸಾಂದ್ರತೆ ಮಿಲಿಲೀಟರಿಗೆ 1.84 ಗ್ರಾಂ ಎಂದು ಲೆಕ್ಕ ಹಾಕಿದರೆ ಸಾರತೆ ಸುಮಾರು 18.4 ಮೋಲಾರ್ ಆಗುತ್ತದೆ. ಅದನ್ನು ತೆಳುಗೊಳಿಸುವಾಗ ಯಾವಾಗಲೂ ಆಮ್ಲವನ್ನು ನಿಧಾನವಾಗಿ ನೀರಿಗೆ ಸೇರಿಸಬೇಕು. ನೀರನ್ನು ಆಮ್ಲಕ್ಕೆ ಸುರಿಯಬಾರದು.

ಪರಿಶೀಲನೆಯ ಕ್ರಮ

ಮೊದಲು ನೋಡಬೇಕಾದದ್ದು ಬಾಟಲಿಯ ಚೀಟಿಯನ್ನು. ಅದರಲ್ಲಿ ಸಾಮಾನ್ಯವಾಗಿ ಸೂತ್ರ, ಅಣುತೂಕ, ಶುದ್ಧತೆ ಮತ್ತು ಸಿಎಎಸ್ ಸಂಖ್ಯೆಗಳು ಮುದ್ರಿತವಾಗಿರುತ್ತವೆ. ಸಿಎಎಸ್ ಸಂಖ್ಯೆಯು ಒಂದೇ ಲವಣದ ಭಿನ್ನ ರೂಪಗಳನ್ನು ಬೇರ್ಪಡಿಸುತ್ತದೆ: ತಾಮ್ರದ ಸಲ್ಫೇಟಿನ ನಿರ್ಜಲ ರೂಪಕ್ಕೆ 7758-98-7, ಪೆಂಟಾಹೈಡ್ರೇಟಿಗೆ 7758-99-8. ನಂತರ ಸೂತ್ರದಿಂದ ಅಣುತೂಕವನ್ನು ಸ್ವತಃ ಕೂಡಿ, ಚೀಟಿಯ ಸಂಖ್ಯೆಯೊಂದಿಗೆ ಹೋಲಿಸಬಹುದು. ಎರಡರ ನಡುವಿನ ಅಂತರ 18ರ ಅಪವರ್ತ್ಯಕ್ಕೆ ಸಮೀಪವಾಗಿದ್ದರೆ ಸ್ಫಟಿಕ ಜಲದ ಲೆಕ್ಕ ತಪ್ಪಿದೆಯೆಂದು ಊಹಿಸಬಹುದು. ಚೀಟಿ ಅಳಿಸಿಹೋದ ಬಾಟಲಿಯ ವಸ್ತುವನ್ನು ಪ್ರಮಾಣಿತ ದ್ರಾವಣಕ್ಕೆ ಬಳಸಬಾರದು. ತಯಾರಾದ ದ್ರಾವಣದ ಬಾಟಲಿಯ ಮೇಲೆ ವಸ್ತುವಿನ ಪೂರ್ಣ ಹೆಸರು, ಸ್ಫಟಿಕ ಜಲದ ವಿವರ, ಸಾರತೆ ಮತ್ತು ತಯಾರಿಸಿದ ದಿನಾಂಕಗಳನ್ನು ಬರೆಯಬೇಕು.