ರಿಫರ್ಬಿಶ್ಡ್ ಜಿಪಿಎಸ್ ವಾಚ್ ಕೊಳ್ಳಬಹುದೇ? ಸವೆಯುವುದು ಜಿಪಿಎಸ್ ಅಲ್ಲ, ಬೇರೆ ಭಾಗಗಳು

ಬೆಳಗಿನ ಓಟ ಶುರುಮಾಡಿ ಎರಡು ತಿಂಗಳಾಗಿದೆ. ಮನಸ್ಸಿಗೆ ಬಂದ ಜಿಪಿಎಸ್ ವಾಚ್ ಹೊಸದಾದರೆ 30 ಸಾವಿರ ರೂಪಾಯಿ, 'ರಿಫರ್ಬಿಶ್ಡ್' ಆದರೆ 18 ಸಾವಿರ ಎಂದಿಟ್ಟುಕೊಳ್ಳಿ. ಓಟದ ಗುಂಪಿನಲ್ಲಿ ಕೇಳಿದರೆ ಒಬ್ಬರು "ಹಳೇ ವಾಚಿನ ಜಿಪಿಎಸ್ ಸವೆದಿರುತ್ತೆ, ದೂರ ತಪ್ಪು ತೋರಿಸುತ್ತೆ" ಎನ್ನುತ್ತಾರೆ. ಇನ್ನೊಬ್ಬರು "ಕಂಪನಿಯೇ ಪರೀಕ್ಷಿಸಿ ಕೊಡೋದು, ಹೊಸದಕ್ಕಿಂತ ಚೆನ್ನಾಗಿರುತ್ತೆ" ಎನ್ನುತ್ತಾರೆ. ಮೊದಲ ಮಾತು ತಪ್ಪು. ಎರಡನೆಯದು ಯಾರಿಂದ ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಏಕೆಂದರೆ ರಿಫರ್ಬಿಶ್ಡ್ ಎಂಬ ಪದವನ್ನು ಮಾರುವವರೆಲ್ಲ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಗ್ರಾಹಕರು ವಾಪಸ್ ಕೊಟ್ಟ ವಾಚನ್ನು ತಯಾರಕರೇ ಬಿಚ್ಚಿ, ಕೆಟ್ಟ ಭಾಗ ಬದಲಿಸಿ, ಪರೀಕ್ಷಿಸಿ ವಾರಂಟಿಯೊಂದಿಗೆ ಮಾರುವುದು ಒಂದು ಬಗೆ. ಯಾವುದೋ ಅಂಗಡಿಯವರು ಗಾಜು ಒರೆಸಿ, ಹೊಸ ಬೆಲ್ಟ್ ಹಾಕಿ, ಹೊಸ ಡಬ್ಬಿಯಲ್ಲಿಟ್ಟು ಮಾರುವುದು ಇನ್ನೊಂದು ಬಗೆ. ಇದು ನಿಜಕ್ಕೂ ಸೆಕೆಂಡ್ ಹ್ಯಾಂಡ್ ಮಾಲು. ಎರಡಕ್ಕೂ ಹೆಸರು ಮಾತ್ರ ಒಂದೇ. ಹಾಗಾಗಿ ಬೆಲೆ ನೋಡುವ ಮೊದಲು ಎರಡು ಪ್ರಶ್ನೆ ಕೇಳಿ: ರಿಪೇರಿ ಮಾಡಿದ್ದು ಯಾರು? ವಾರಂಟಿ ಕೊಡುವವರು ಯಾರು?

ಜಿಪಿಎಸ್ ನಿಜಕ್ಕೂ ಸವೆಯುತ್ತದೆಯೇ?

ಇಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತ ಕಳಿಸುತ್ತಿರುತ್ತವೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಕಾಲವನ್ನು ಲೆಕ್ಕಹಾಕಿ ವಾಚು ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ವಾಚು ಬರೀ ಕೇಳಿಸಿಕೊಳ್ಳುತ್ತದೆ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. (ಜಿಪಿಎಸ್ ವಾಚಿನಿಂದ ಉಪಗ್ರಹಕ್ಕೆ ವಿಕಿರಣ ಹೋಗುತ್ತದೆ ಎಂಬ ಹೆದರಿಕೆಗೂ ಇದೇ ಉತ್ತರ.) ಈ ಕೆಲಸ ಮಾಡುವ ಚಿಪ್‌ನಲ್ಲಿ ಅಲುಗಾಡುವ ಭಾಗವೇ ಇಲ್ಲ, ಸವೆಯುವುದೆಲ್ಲಿ ಬಂತು?

ದೂರ ತಪ್ಪಾಗುವುದು ಬೇರೆ ಕಾರಣಕ್ಕೆ. ಸಂಕೇತ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಎತ್ತರದ ಕಟ್ಟಡಕ್ಕೆ ಬಡಿದು ತಿರುಗಿ ಬಂದ ಸಂಕೇತ ನೂರು ನ್ಯಾನೋಸೆಕೆಂಡ್ ತಡವಾದರೂ 30 ಮೀಟರಿನಷ್ಟು ಎಡವಟ್ಟಾಗುತ್ತದೆ. ದಟ್ಟ ಮರಗಳ ಕೆಳಗೂ ಸಂಕೇತ ದುರ್ಬಲವಾಗುತ್ತದೆ. ಎಲ್1 ಮತ್ತು ಎಲ್5 ಎಂಬ ಎರಡು ತರಂಗಾಂತರಗಳನ್ನು ಹಿಡಿಯುವ ಈಚಿನ ಮಾದರಿಗಳು ಇಂಥ ಕಡೆ ಹೆಚ್ಚು ನಿಖರ. ಅಂದರೆ ನೋಡಬೇಕಾದ್ದು ವಾಚು ಎಷ್ಟು ದಿನ ಬಳಕೆಯಾಗಿದೆ ಎಂಬುದನ್ನಲ್ಲ, ಯಾವ ಪೀಳಿಗೆಯ ಮಾದರಿ ಎಂಬುದನ್ನು.

ಬಹಳ ದಿನ ಡಬ್ಬಿಯಲ್ಲೇ ಇದ್ದ ವಾಚು ಮೊದಲ ಸಲ ಉಪಗ್ರಹ ಹುಡುಕಲು ತುಂಬ ಹೊತ್ತು ತೆಗೆದುಕೊಂಡರೆ ಗಾಬರಿಯಾಗಬೇಡಿ. ಎಲ್ಲ ಉಪಗ್ರಹಗಳ ವೇಳಾಪಟ್ಟಿಯನ್ನು ಆಕಾಶದಿಂದಲೇ ಪೂರ್ತಿ ಇಳಿಸಿಕೊಳ್ಳಲು 12.5 ನಿಮಿಷ ಬೇಕು. ಫೋನಿನ ಆ್ಯಪ್‌ಗೆ ಜೋಡಿಸಿ ಸಿಂಕ್ ಮಾಡಿ, ಬಯಲಿನಲ್ಲಿ ಹದಿನೈದು ನಿಮಿಷ ಬಿಡಿ, ಆಮೇಲೆ ಪರೀಕ್ಷಿಸಿ.

ಅಗ್ಗದ ವಾಚುಗಳಲ್ಲಿ ಇನ್ನೊಂದು ಮೋಸವಿದೆ. ಡಬ್ಬಿಯ ಮೇಲೆ ಜಿಪಿಎಸ್ ಎಂದಿರುತ್ತದೆ, ಒಳಗೆ ಜಿಪಿಎಸ್ ಇರುವುದೇ ಇಲ್ಲ. ನಿಮ್ಮ ಫೋನಿನ ಜಿಪಿಎಸ್ಸನ್ನೇ ಎರವಲು ಪಡೆಯುತ್ತದೆ. ಫೋನ್ ಮನೆಯಲ್ಲಿಟ್ಟು ಓಡಿ ಬನ್ನಿ. ಮ್ಯಾಪಿನಲ್ಲಿ ಗೆರೆ ಮೂಡದಿದ್ದರೆ ವಿಷಯ ಅಷ್ಟೇ.

ಹಾಗಾದರೆ ಹಳೆಯದಾಗುವುದು ಏನು?

ಮುಖ್ಯವಾಗಿ ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜಿನೊಂದಿಗೂ, ಸುಮ್ಮನೆ ಇಟ್ಟರೂ, ಸ್ವಲ್ಪ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಇನ್ನೂ ಕಷ್ಟ. ಫೋನಿನಂತೆ ಬೀದಿ ಕೊನೆಯ ಅಂಗಡಿಯಲ್ಲಿ ಬದಲಿಸೋಣ ಎಂದರೆ ಈ ವಾಚುಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಆದ್ದರಿಂದ "ಬ್ಯಾಟರಿ ಹೊಸದು ಹಾಕಿದ್ದೀರಾ?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪರೀಕ್ಷೆ ಸುಲಭ. ಪೂರ್ತಿ ಚಾರ್ಜ್ ಮಾಡಿ, ಜಿಪಿಎಸ್ ಆನ್ ಇಟ್ಟು ಎರಡು ಗಂಟೆ ನಡೆಯಿರಿ. ತಯಾರಕರು ಜಿಪಿಎಸ್‌ನಲ್ಲಿ 20 ಗಂಟೆ ಎಂದು ಹೇಳಿದ್ದರೆ ಎರಡು ಗಂಟೆಗೆ ಸುಮಾರು 10 ಪ್ರತಿಶತ ಇಳಿಯಬೇಕು. 12-13 ಆದರೆ ತೊಂದರೆಯಿಲ್ಲ. 20 ಇಳಿದರೆ ವಾಪಸ್ ಕಳಿಸಿ. ಹಾಡು ಹಾಕಬೇಡಿ, ಪರದೆ ಸದಾ ಉರಿಯುವ ಸೆಟ್ಟಿಂಗ್ ಇದ್ದರೆ ಆರಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು ನೀರು ತಡೆಯುವ ರಬ್ಬರ್ ಸೀಲ್. '5 ಎಟಿಎಂ' ಎಂದರೆ 50 ಮೀಟರ್ ಆಳಕ್ಕೆ ಧುಮುಕಬಹುದು ಎಂದಲ್ಲ. ಅಷ್ಟು ಆಳದ ನಿಂತ ನೀರಿನ ಒತ್ತಡಕ್ಕೆ ಸಮನಾದ ಪರೀಕ್ಷೆಯನ್ನು ಹೊಸ ಮಾದರಿ ಪಾಸಾಗಿದೆ ಎಂದು. ಸೀಲ್ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಬಿಸಿನೀರು, ಸೋಪು, ಹಬೆ ಅದಕ್ಕೆ ಶತ್ರುಗಳು (ವಾಚು ಕಟ್ಟಿಕೊಂಡೇ ಎಣ್ಣೆಸ್ನಾನ ಮಾಡುವವರನ್ನೂ ಕಂಡಿದ್ದೇವೆ). ಬ್ಯಾಟರಿಗಾಗಿ ವಾಚನ್ನು ಒಮ್ಮೆ ಬಿಚ್ಚಿದ ಮೇಲೆ ಸೀಲ್ ಬದಲಿಸಿ ಒತ್ತಡ ಪರೀಕ್ಷೆ ಮಾಡದಿದ್ದರೆ ಹಳೆಯ ಭರವಸೆ ಉಳಿಯುವುದಿಲ್ಲ. ಈಜುವವರು ತಯಾರಕರೇ ಸಿದ್ಧಪಡಿಸಿದ ವಾಚು ಬಿಟ್ಟು ಬೇರೆ ರಿಫರ್ಬಿಶ್ಡ್ ಕೊಳ್ಳದಿರುವುದೇ ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಬಟನ್, ಚಾರ್ಜಿಂಗ್ ಪಿನ್ನುಗಳ ತುಕ್ಕು ಕಣ್ಣಿಗೇ ಕಾಣುತ್ತದೆ. ಬೆಲ್ಟ್ ಬದಲಿಸಿಬಿಡಿ, ಇನ್ನೊಬ್ಬರ ಬೆವರು ನಮಗ್ಯಾಕೆ?

ಹೃದಯ ಬಡಿತ, ಶುಗರ್

ವಾಚಿನ ಹಿಂದಿನ ಹಸಿರು ಬೆಳಕು ಚರ್ಮದೊಳಗೆ ಹೋಗಿ, ರಕ್ತ ಹೀರದೆ ಬಿಟ್ಟಷ್ಟು ತಿರುಗಿ ಬರುತ್ತದೆ. ಆ ಏರಿಳಿತವೇ ನಾಡಿ ಲೆಕ್ಕ. ಹಿಂದಿನ ಗಾಜು ಗೀರಾಗಿದ್ದರೆ ಲೆಕ್ಕ ಹಾಳಾಗಬಹುದು. ಸುಮ್ಮನೆ ಕೂತು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಬೆರಳಿನಲ್ಲಿ ಎಣಿಸಿ ಹೋಲಿಸಿ. ಐದಾರು ಬಡಿತಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಬೇಡ. ಹೃದಯದ ತೊಂದರೆ ಇರುವವರು ಓಟದ ಮಿತಿಯನ್ನು ವಾಚನ್ನು ನಂಬಿ ನಿರ್ಧರಿಸಬಾರದು, ಹೊಸ ವಾಚಾದರೂ ಅಷ್ಟೇ.

"ಈ ವಾಚು ಸೂಜಿ ಚುಚ್ಚದೆ ಶುಗರ್ ತೋರಿಸುತ್ತೆ" ಎಂಬ ಜಾಹೀರಾತನ್ನಂತೂ ಯಾರಿಗೂ ಫಾರ್ವರ್ಡ್ ಮಾಡಬೇಡಿ. ತಾನಾಗಿಯೇ ರಕ್ತದ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚಿಗೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಆ ಸಂಖ್ಯೆ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರಿನ ಅಂಕಿಯನ್ನು ವಾಚು ತೋರಿಸುವುದು ಬೇರೆ ವಿಷಯ, ಅಲ್ಲಿ ಅಳೆಯುವುದು ವಾಚಲ್ಲ.

ಬೀಗ ಮತ್ತು ಆ್ಯಪ್

ಹಿಂದಿನ ಮಾಲೀಕರು ತಮ್ಮ ಖಾತೆಯಿಂದ ತೆಗೆಯದೆ ಮಾರಿದ್ದರೆ ಕೆಲವು ವಾಚುಗಳು ನಿಮಗೆ ತೆರೆದುಕೊಳ್ಳುವುದೇ ಇಲ್ಲ. ಆಪಲ್ ವಾಚಿನ ಆಕ್ಟಿವೇಶನ್ ಲಾಕ್ ಇಂಥದ್ದು. ಕೈಗೆ ಬಂದ ದಿನವೇ ನಿಮ್ಮ ಖಾತೆಗೆ ಜೋಡಿಸಿ ನೋಡಿ.

ಆ ಮಾದರಿಗೆ ತಯಾರಕರ ಆ್ಯಪ್ ಈಗಲೂ ನಡೆಯುತ್ತಿದೆಯೇ ಎಂದೂ ನೋಡಿ. ಪೆಬಲ್ ಕಂಪನಿ 2016ರಲ್ಲಿ ಮುಚ್ಚಿತು, 2018ರ ಜೂನ್‌ನಲ್ಲಿ ಅದರ ಸರ್ವರ್ ಸೇವೆಗಳೂ ನಿಂತವು. ಮೈಕ್ರೋಸಾಫ್ಟ್ ಬ್ಯಾಂಡಿನ ಸೇವೆ 2019ರ ಮೇ 31ಕ್ಕೆ ಕೊನೆಯಾಯಿತು. ಕೈಯಲ್ಲಿದ್ದ ಯಂತ್ರ ಸರಿಯಾಗಿಯೇ ಇತ್ತು.

ಲಾಭವೆಷ್ಟು?

30 ಸಾವಿರದ ಹೊಸ ವಾಚು ಐದು ವರ್ಷ ಬಂದರೆ ವರ್ಷಕ್ಕೆ 6 ಸಾವಿರ. 18 ಸಾವಿರದ ರಿಫರ್ಬಿಶ್ಡ್ ಮೂರು ವರ್ಷ ಬಂದರೂ ವರ್ಷಕ್ಕೆ ಅದೇ 6 ಸಾವಿರ! ಬ್ಯಾಟರಿ ಬದಲಿಸಿದ್ದರೆ, ವರ್ಷದ ವಾರಂಟಿಯಿದ್ದರೆ ಈ ಬೆಲೆಗೆ ಧೈರ್ಯವಾಗಿ ಕೊಳ್ಳಬಹುದು. ಎರಡೂ ಇಲ್ಲದಿದ್ದರೆ ಅರ್ಧ ಬೆಲೆಗಿಂತ ಮೇಲೆ ಕೊಡಬೇಡಿ. ಬರೀ 10-15 ಪ್ರತಿಶತ ಕಡಿಮೆಗೆ ಸಿಗುತ್ತಿದ್ದರೆ ಹಬ್ಬದ ರಿಯಾಯಿತಿವರೆಗೆ ಕಾದು ಹೊಸದನ್ನೇ ತೆಗೆದುಕೊಳ್ಳಿ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವವರು, ಆ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ವಾಪಸ್ ಅವಧಿ ಏಳು ದಿನವಾದರೆ ಮೊದಲ ಮೂರು ದಿನದಲ್ಲೇ ಎಲ್ಲ ಪರೀಕ್ಷೆ ಮುಗಿಸಿ. ಜಿಲ್ಲಾ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನ ಒಳಗಿನ ಲೇನಿನಲ್ಲಿ ಹತ್ತು ಸುತ್ತು ಹಾಕಿದರೆ 4 ಕಿಲೋಮೀಟರ್. ನೂರು ಮೀಟರ್ ಆಚೀಚೆ ಬಂದರೆ ಸರಿ. ಹೊರಗಿನ ಒಂದೊಂದು ಲೇನಿಗೂ ಸುತ್ತಿಗೆ ಏಳೂವರೆ ಮೀಟರಿಗಿಂತ ಹೆಚ್ಚು ಸೇರುತ್ತದೆ, ಅದನ್ನು ವಾಚಿನ ತಪ್ಪೆಂದುಕೊಳ್ಳಬೇಡಿ. ದೋಷವಿದ್ದೂ ಮಾರಿದವರು ವಾಪಸ್ ಪಡೆಯದಿದ್ದರೆ ಬಿಲ್ ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.