ಮಣ್ಣಿನ ಕಟ್ಟು, ಊರಿನ ಕಟ್ಟು

ನಮ್ಮ ಕರಾವಳಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಗಳಿಂದಲೋ ಬಂದರುಗಳಿಂದಲೋ ಆರಂಭಿಸುವುದುಂಟು. ಅದು ಸಹಜವೇ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕೊಂದನ್ನೇ ತೆಗೆದುಕೊಂಡರೂ ಅಲ್ಲಿ ಮಿರ್ಜಾನದ ಕೋಟೆಯಿದೆ. ಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ಗಮನ ಸೆಳೆದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಬಂದು ಹಡಗೇರಿದ ಕುಮಟೆಯ ಬಂದರಿದೆ. ನಾನು ಹುಟ್ಟಿ ಬೆಳೆದ ಊರು ಇದೇ ತಾಲ್ಲೂಕಿನದಾದರೂ ಅಲ್ಲಿ ಇವು ಯಾವುವೂ ಇರಲಿಲ್ಲ. ಶಾಸನವಿಲ್ಲ, ವೀರಗಲ್ಲಿಲ್ಲ, ಅರಸರ ಹೆಸರಿನ ಒಂದು ಬಾವಿಯೂ ಇಲ್ಲ. ಇದ್ದುದು ಒಂದೇ. ಹೊಳೆಗೂ ಗದ್ದೆಗೂ ನಡುವೆ ಆಳೆತ್ತರದ ಒಂದು ಮಣ್ಣಿನ ಕಟ್ಟು. ಆ ಕಟ್ಟಿನ ಚರಿತ್ರೆಯೇ ನಮ್ಮ ಊರಿನ ಚರಿತ್ರೆ ಎಂದರೆ ತಪ್ಪಾಗಲಾರದು. ಇಂದು ನಾನು ಹೇಳಹೊರಟಿರುವುದು ಅದನ್ನೇ.

ಮೊದಲು ಆ ನೆಲದ ಪರಿಚಯವನ್ನು ಮಾಡಿಕೊಡಬೇಕು. ಅಘನಾಶಿನಿ ಶಿರಸಿಯ ಬಳಿ ಹುಟ್ಟುವ ಹೊಳೆ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕಾಡಿನ ಕಣಿವೆಯಲ್ಲಿ ಹರಿದು, ದೀವಗಿ ಮಿರ್ಜಾನಗಳ ಹತ್ತಿರ ಬಯಲಿಗೆ ಬಂದು, ಒಮ್ಮೆಲೇ ಅಗಲವಾಗಿ ಹರಡಿಕೊಳ್ಳುತ್ತದೆ. ತದಡಿ ಮತ್ತು ಅಘನಾಶಿನಿ ಎಂಬೆರಡು ಊರುಗಳ ನಡುವಿನ ಕಿರಿದಾದ ಬಾಯಿಯಲ್ಲಿ ಕಡಲನ್ನು ಸೇರುತ್ತದೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಮೇಲಿನಿಂದ ಸಿಹಿನೀರು, ಕೆಳಗಿನಿಂದ ಉಪ್ಪುನೀರು, ಇವೆರಡೂ ತಮ್ಮ ಪಾಡಿಗೆ ತಾವು ಬಂದು ಕೂಡುವ ವಿಶಾಲವಾದ ಅಳಿವೆ ಅದು. ದಿನಕ್ಕೆರಡು ಬಾರಿ ಕಡಲು ಒಳಗೆ ಬರುತ್ತದೆ, ಎರಡು ಬಾರಿ ಹಿಂದೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಉಬ್ಬರದ ಬಲ ಹೆಚ್ಚು. ನಮ್ಮ ಹಿರಿಯರಿಗೆ ಗಡಿಯಾರವಿರಲಿಲ್ಲ. ತಿಥಿಯನ್ನು ಕೇಳಿದರೆ ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆಂಬುದನ್ನು ಹೇಳಬಲ್ಲವರಾಗಿದ್ದರು.

ಈ ಅಳಿವೆಯ ಸುತ್ತಲಿನ ಊರುಗಳ ಹೆಸರುಗಳನ್ನು ಗಮನಿಸಬೇಕು. ಮಾಣಿಕಟ್ಟಾ, ಸಾಣಿಕಟ್ಟಾ, ಹೊಸ್ಕಟ್ಟಾ. ಇನ್ನೊಂದು ಕಡೆ ಐಗಳಕುರ್ವೆ. ಕುರ್ವೆಯೆಂದರೆ ಹೊಳೆಯ ನಡುವಣ ದ್ವೀಪ. ಒಂದು ಹೆಸರಿನಲ್ಲಿ ನೀರು ಬಿಟ್ಟುಕೊಟ್ಟ ನೆಲವಿದ್ದರೆ, ಇನ್ನೊಂದರಲ್ಲಿ ನೀರಿನಿಂದ ಮನುಷ್ಯನು ಕಟ್ಟಿ ಪಡೆದ ನೆಲವಿದೆ. ಶಾಸನಗಳಿಲ್ಲದ ಊರಿನಲ್ಲಿ ಹೆಸರುಗಳೇ ಶಾಸನಗಳು.

ಹೀಗೆ ಕಟ್ಟಿ ಪಡೆದ ನೆಲಕ್ಕೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ದಂಡೆತ್ತಿ ಬಂದ ಘಜನಿಯ ಮಹಮ್ಮದನಿಗೂ ಇದಕ್ಕೂ ಯಾವ ನಂಟೂ ಇಲ್ಲ. ಗೋವೆಯಲ್ಲಿ ಖಾಜನ್ ಎಂದು ಕರೆಯುವುದೂ ಇಂಥದೇ ನೆಲವನ್ನು. ಉಬ್ಬರದ ಮಟ್ಟಕ್ಕಿಂತ ಗದ್ದೆ ತಗ್ಗಿನಲ್ಲಿರುತ್ತದೆ. ಹೊಳೆಯ ಅಂಚಿನಲ್ಲಿ ಜೇಡಿಮಣ್ಣಿನ ಕಟ್ಟು. ಕಟ್ಟಿನ ಹೊರಮೈಗೆ ಅಲೆಯ ಹೊಡೆತವನ್ನು ತಡೆಯಲು ಕಾಂಡ್ಲದ ಗಿಡಗಳು. ಕಟ್ಟಿನ ನಡುನಡುವೆ ಮರದ ಹಲಗೆಯ ತೂಬುಗಳು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆಯನ್ನೆತ್ತಿ ಗದ್ದೆಯ ನೀರನ್ನು ಹೊರಗೆ ಬಿಡುವುದು, ಉಬ್ಬರ ಬರುವುದರೊಳಗೆ ಹಲಗೆಯನ್ನು ಇಳಿಸಿ ಉಪ್ಪುನೀರನ್ನು ತಡೆಯುವುದು. ಕೆಲಸ ಇಷ್ಟೇ. ಆದರೆ ಒಂದು ಹೊತ್ತು ಮರೆತರೂ ಒಂದು ವರ್ಷದ ಅನ್ನ ಹೋಯಿತು.

ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತದೆ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಬೇಸಗೆಯಲ್ಲಿ ಮಣ್ಣಿನ ಮೇಲೆ ಬಿಳಿಯಾಗಿ ಕೂತಿದ್ದ ಉಪ್ಪನ್ನು ಈ ಮಳೆಯೇ ತೊಳೆದು ಕೊಡಬೇಕು. ತೊಳೆದರೂ ಉಪ್ಪಿನಂಶ ಪೂರ್ತಿ ಹೋಗುವುದಿಲ್ಲ. ಅಂಥ ನೆಲಕ್ಕೆಂದೇ ನಮ್ಮ ಹಿರಿಯರು ಉಳಿಸಿಕೊಂಡು ಬಂದ ಭತ್ತವೊಂದಿದೆ. ಕಗ್ಗ ಎಂದು ಅದರ ಹೆಸರು. ಆಳಿನ ಎದೆಯವರೆಗೆ ಬೆಳೆಯುವ ಎತ್ತರದ ಪೈರು. ನೆರೆ ಬಂದು ಕೆಲವು ದಿನ ಮುಳುಗಿದರೂ ಕೊಳೆಯದೆ ಮೇಲೇಳುತ್ತದೆ. ಕಾಳಿನ ತುದಿಗೆ ಉದ್ದನೆಯ ಮುಳ್ಳಿನಂಥ ಮೀಸೆಯಿರುವುದರಿಂದ ಹಕ್ಕಿಗಳ ಕಾಟ ಕಡಿಮೆ. ಅಕ್ಕಿ ಕೆಂಪು. ಇದಕ್ಕೆ ಗೊಬ್ಬರ ಹಾಕಿದವರನ್ನು ನಾನು ಕಂಡಿಲ್ಲ. ಹೊಳೆ ತಂದು ಬಿಟ್ಟ ಗೋಡೇ ಗೊಬ್ಬರವಾಗಿತ್ತು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು, ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಿದ್ದರು.

ಹುಲ್ಲನ್ನು ಬಿಡುತ್ತಿದ್ದುದಕ್ಕೆ ಕಾರಣವಿತ್ತು. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆಗಳನ್ನು ಎತ್ತಿ, ಇಷ್ಟು ದಿನ ಶತ್ರುವಾಗಿದ್ದ ಅದೇ ಉಪ್ಪುನೀರನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನೀರಿನೊಡನೆ ಮೀನಿನ ಮರಿಗಳೂ, ನಮ್ಮ ಕಡೆಯವರು ಶೆಟ್ಲಿ ಎನ್ನುವ ಸಿಗಡಿಯೂ ಬರುತ್ತಿದ್ದುವು. ಕೊಳೆತ ಹುಲ್ಲಿನ ನಡುವೆ ಮೇದು ಬೆಳೆಯುತ್ತಿದ್ದುವು. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಊರಿಗೆ ಸಾಕಾಗಿ ಮಾರುವಷ್ಟು ಮೀನು. ಅತ್ತ ಹೊಳೆಯ ಹರವಿನಲ್ಲಿ ಹೆಂಗಸರು ಬಳಚು ಆಯುತ್ತಿದ್ದರು. ಇನ್ನೂ ಅತ್ತ, ಸಾಣಿಕಟ್ಟೆಯ ಆಗರಗಳಲ್ಲಿ ಅದೇ ನೀರು ಬಿಸಿಲಿಗೆ ಉಪ್ಪಾಗುತ್ತಿತ್ತು. ಒಂದೇ ನೀರು, ಒಂದು ಋತುವಿನಲ್ಲಿ ಅದನ್ನು ಹೊರಗಿಟ್ಟು ಅನ್ನ, ಇನ್ನೊಂದು ಋತುವಿನಲ್ಲಿ ಒಳಗಿಟ್ಟು ಮೀನು, ಉಪ್ಪು. ಈ ಲೆಕ್ಕವನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಮಣ್ಣಿನ ಕಟ್ಟಿಗೆ ಆಯುಷ್ಯ ಕಡಿಮೆ. ಏಡಿ ಕೊರೆದ ಒಂದು ಬಿಲ ಸಾಕು. ಅಲ್ಲಿಂದ ಬೆರಳಗಲದ ನೀರು ಒಸರಿ, ಮುಂದಿನ ಉಬ್ಬರದಲ್ಲಿ ಮಾರಗಲದ ಬಾಯಾಗುತ್ತದೆ. ಆದುದರಿಂದ ಪ್ರತಿ ಬೇಸಗೆಯಲ್ಲಿಯೂ ಕಟ್ಟಿಗೆ ಹೊಸ ಮಣ್ಣು ಹಾಕಬೇಕಾಗಿತ್ತು. ನಮ್ಮ ಊರಿನಲ್ಲಿ ಮನೆಗೊಂದು ಆಳು ಬರಬೇಕೆಂಬ ನಿಯಮವಿತ್ತು. ಬರಲಾರದ ಮನೆಯವರು ಭತ್ತವನ್ನು ಅಳೆದುಕೊಡಬೇಕು. ತೂಬು ಕಾಯುವವನಿಗೆ ಊರೊಟ್ಟಿನ ಸಂಬಳ. ಈ ನಿಯಮಗಳಿಗೂ ನಮ್ಮವರು ಕಟ್ಟು ಎಂದೇ ಹೇಳುತ್ತಿದ್ದರು. ಊರಿನ ಕಟ್ಟು ಮೀರಬಾರದು ಎಂಬ ಮಾತನ್ನು ನಾನು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ನನ್ನ ಕಣ್ಣೆದುರು ಬರುತ್ತಿದ್ದುದು ಆ ಮಣ್ಣಿನ ದಿಬ್ಬವೇ.

1958ರ ಮಳೆಗಾಲದ ಒಂದು ಅಮಾವಾಸ್ಯೆಯ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ನನಗಾಗ ಎಂಟು ವರ್ಷ. ಮೇಲಿನಿಂದ ನೆರೆ, ಕೆಳಗಿನಿಂದ ಉಬ್ಬರ. ತೂಬಿನವನು ಕೂಗು ಹಾಕಿದ. ಆ ಕೂಗು ಮನೆಯಿಂದ ಮನೆಗೆ ದಾಟಿ, ಅರ್ಧ ಗಳಿಗೆಯೊಳಗೆ ಇಡೀ ಊರು ಕಟ್ಟಿನ ಮೇಲಿತ್ತು. ನಾನು ಅಜ್ಜನ ಕಂಬಳಿಕೊಪ್ಪೆಯ ಮರೆಯಲ್ಲಿ ಲಾಟೀನು ಹಿಡಿದು ನಿಂತಿದ್ದೆ. ಒಡೆದ ಬಾಯಿಗೆ ಕಾಂಡ್ಲದ ಕೊಂಬೆಗಳನ್ನು ಕಡಿದು ಹಾಕಿದರು, ಹುಲ್ಲಿನ ಹೊರೆಗಳನ್ನು ತುರುಕಿದರು, ಮೇಲಿನಿಂದ ಬುಟ್ಟಿ ಬುಟ್ಟಿ ಜೇಡಿಮಣ್ಣು ಸುರಿದರು. ನನ್ನ ತಂದೆಗೂ ನೆರೆಮನೆಯವರಿಗೂ ಒಂದು ತೆಂಗಿನ ಮರದ ವಿಷಯದಲ್ಲಿ ಕುಮಟೆಯ ಕೋರ್ಟಿನಲ್ಲಿ ದಾವೆ ನಡೆದಿತ್ತು; ನಾಲ್ಕು ವರ್ಷಗಳಿಂದ ಮಾತಿರಲಿಲ್ಲ. ಆ ರಾತ್ರಿ ಆ ನೆರೆಮನೆಯ ಯಜಮಾನರು ಸೊಂಟದವರೆಗೆ ನೀರಿನಲ್ಲಿ ನಿಂತು ನನ್ನ ತಂದೆಯ ಕೈಯಿಂದ ಬುಟ್ಟಿಯನ್ನು ತೆಗೆದುಕೊಳ್ಳುತ್ತಿದ್ದುದನ್ನು ನಾನು ಕಂಡೆ. ಬೆಳಗಿನ ಜಾವಕ್ಕೆ ಬಾಯಿ ಮುಚ್ಚಿತು. ಮಾತು ಆಗಲೂ ಬರಲಿಲ್ಲ, ದಾವೆಯೂ ಮುಂದುವರಿಯಿತು. ಮನೆಗೆ ಬರುವಾಗ ನಾನು ಅಜ್ಜನನ್ನು ಈ ಬಗ್ಗೆ ಕೇಳಿದೆ. “ತಮಾ, ಹೊಳೆಗೆ ನಮ್ಮ ಗದ್ದೆ ಯಾವುದು, ಅವರ ಗದ್ದೆ ಯಾವುದು ಅಂತ ಗೊತ್ತಿಲ್ಲ” ಎಂದ ಅಜ್ಜ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅದು ಚರಿತ್ರೆಯಾಗದು. ಕಟ್ಟಿಗೆ ಮಣ್ಣು ಹೊತ್ತವರೆಲ್ಲ ಗದ್ದೆಯ ಒಡೆಯರಾಗಿರಲಿಲ್ಲ. ಹೆಚ್ಚಿನವರು ಗೇಣಿಗೆ ಮಾಡುವ ಹಾಲಕ್ಕಿಗಳು, ಗ್ರಾಮೊಕ್ಕಲುಗಳು, ಅಂಬಿಗರು. ಕೊಯ್ಲಿನ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಇದೇ ಕರಾವಳಿಯ ರೈತರು 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಬಳಿಕ ಕರ ಕೊಡದೆ ಜಮೀನುಗಳನ್ನು ಕಳೆದುಕೊಂಡರು. 1940ರ ಹೊತ್ತಿಗೆ ದಿನಕರ ದೇಸಾಯಿಯವರು ಈ ಗೇಣಿದಾರರನ್ನು ಸಂಘಟಿಸಿದಾಗ ಅವರಿಗೆ ಜಿಲ್ಲೆಯಿಂದಲೇ ಗಡೀಪಾರಾಯಿತು. 1974ರ ಮಾರ್ಚ್ 1ರಂದು ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು, ಉಳುವವನು ಒಡೆಯನಾದ. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಘಟನೆ ನಡೆದಿಲ್ಲ. ಆದುದರಿಂದ ಹಳೆಯ ಕಾಲ ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ.

ಆದರೆ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಬಂದಿತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1948ರಲ್ಲಿ, ಉಪ್ಪುನೀರಿನ ಭೂಮಿಗಳ ರಕ್ಷಣೆಗಾಗಿ ಖಾರ್ ಲ್ಯಾಂಡ್ ಕಾಯಿದೆಯಾಗಿತ್ತು. 1970ರ ದಶಕದ ಸುಮಾರಿಗೆ ಸರ್ಕಾರದ ಹಣದಿಂದ ಗಜನಿಗಳಿಗೆ ಕಲ್ಲಿನ ಖಾಯಂ ಕಟ್ಟುಗಳು ಬಂದುವು. ಜನರು ಸಂತೋಷಪಟ್ಟರು, ನಾನೂ ಪಟ್ಟೆ. ವರ್ಷವರ್ಷವೂ ಕೆಸರು ಹೊರುವ ದುಡಿಮೆ ತಪ್ಪಿದರೆ ಯಾರಿಗೆ ಬೇಡ? ಕಟ್ಟಿನ ಕೆಲಸಕ್ಕಾಗಿ ಅಂಚಿನ ಕಾಂಡ್ಲಗಳನ್ನು ಕಡಿದಾಗ ಯಾರೂ ಕೇಳಲಿಲ್ಲ. ಕಲ್ಲಿನ ಕಟ್ಟಿಗೆ ಗಿಡದ ಕಾವಲೇಕೆ ಎಂದುಕೊಂಡೆವು.

ಮುಂದೆ ಏನಾಯಿತೆಂಬುದು ನಿಧಾನವಾಗಿ ತಿಳಿಯಿತು. ಮಣ್ಣಿನ ಕಟ್ಟು ಊರಿನದಾಗಿತ್ತು. ಕಲ್ಲಿನ ಕಟ್ಟು ಸರ್ಕಾರದ್ದಾಯಿತು. ಮೊದಲು ಏಡಿಯ ಬಿಲವನ್ನು ಕಂಡವನು ಅಲ್ಲಿಯೇ ಕುಳಿತು ಕಾಲಿನಿಂದ ಮೆಟ್ಟಿ ಮುಚ್ಚುತ್ತಿದ್ದ. ಈಗ ಬಿದ್ದ ಕಲ್ಲನ್ನು ಕಂಡವನು ಅರ್ಜಿ ಬರೆಯಬೇಕೆಂದ. ಅರ್ಜಿ ಹೋಗಿ ಅಂದಾಜು ಪತ್ರಿಕೆಯಾಗಿ ಬರುವುದರೊಳಗೆ ಎರಡು ಮಳೆಗಾಲ ಕಳೆಯುತ್ತಿದ್ದುವು. ಮನೆಗೊಂದು ಆಳಿನ ನಿಯಮ ತಾನಾಗಿ ಬಿಟ್ಟುಹೋಯಿತು. ಕೂಗು ಹಾಕಿದರೆ ಬರುವ ಅಭ್ಯಾಸವೂ ಅದರೊಡನೆ ಹೋಯಿತು.

1980ರ ದಶಕದಿಂದ ಸಿಗಡಿಗೆ ಹೊರದೇಶದ ಬೆಲೆ ಬಂದಾಗ ಅದನ್ನು ತಡೆದು ಯೋಚಿಸುವ ಒಕ್ಕಟ್ಟು ಊರಿನಲ್ಲಿ ಉಳಿದಿರಲಿಲ್ಲ. ಗಜನಿಗಳು ಗುತ್ತಿಗೆಗೆ ಹೋದುವು. ಕೊಯ್ಲಾದ ಮೇಲೆ ಒಳಗೆ ಬರಬೇಕಾದ ಉಪ್ಪುನೀರು ವರ್ಷವಿಡೀ ಒಳಗೆ ನಿಂತಿತು. ಕಗ್ಗದ ಬಿತ್ತನೆ ನಿಂತಿತು. 1990ರ ದಶಕದ ನಡುವೆ ದೇಶದ ಕರಾವಳಿಯುದ್ದಕ್ಕೂ ಸಿಗಡಿಗೆ ಬಿಳಿಚುಕ್ಕೆಯ ರೋಗ ತಗಲಿ, ಕೊಳಗಳು ಬರಿದಾದುವು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳ ವಿರುದ್ಧ ತೀರ್ಪಿತ್ತಾಗ, ಸಾಂಪ್ರದಾಯಿಕ ವಿಧಾನಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆ ವೇಳೆಗೆ ನಮ್ಮ ಊರಿನಲ್ಲಿ ಸಂಪ್ರದಾಯವನ್ನು ಬಲ್ಲವರು ಕೆಲವರೇ ಉಳಿದಿದ್ದರು. ಗುತ್ತಿಗೆದಾರರು ಹೋದರು, ಉಪ್ಪು ಹಿಡಿದ ನೆಲ ಉಳಿಯಿತು. ಅದನ್ನು ತೊಳೆಯಲು ಮಳೆ ಈಗಲೂ ಸಿದ್ಧವಾಗಿದೆ. ಕಟ್ಟನ್ನು ಕಾಯುವ ಜನ ಬೇಕು, ಬಿತ್ತಲು ಬೀಜ ಬೇಕು.

ಬೀಜ ಉಳಿದಿದೆ ಎಂಬುದೇ ಸಮಾಧಾನ. ಸುತ್ತಲಿನ ಊರುಗಳು ಕಗ್ಗವನ್ನು ಬಿಟ್ಟಾಗ ಮಾಣಿಕಟ್ಟೆಯ ರೈತರು ಅದನ್ನು ಒಟ್ಟಾಗಿ ಬಿತ್ತಿ ಉಳಿಸಿಕೊಂಡರು. ಒಬ್ಬೊಬ್ಬರಾಗಿ ಬಿತ್ತಿದ್ದರೆ ಉಳಿಯುತ್ತಿರಲಿಲ್ಲ. ಏಕೆಂದರೆ ಗಜನಿಯಲ್ಲಿ ಒಬ್ಬನ ಗದ್ದೆಯೆಂಬುದಿಲ್ಲ, ತೂಬು ಎಲ್ಲರಿಗೂ ಒಂದೇ. ಹಲವು ಕಡೆ ಅರಣ್ಯ ಇಲಾಖೆಯವರು ಕಾಂಡ್ಲದ ಸಸಿಗಳನ್ನು ಮತ್ತೆ ನೆಟ್ಟಿದ್ದಾರೆ. 2024ರಲ್ಲಿ ಅಘನಾಶಿನಿಯ ಅಳಿವೆಯ 4801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದೆನಿಸಿತು. ಹೊಗಳಿಕೆ ಹೊರಗಿನಿಂದ ಬಂದಿದೆ. ಕಾವಲು ಒಳಗಿನಿಂದಲೇ ಬರಬೇಕಾಗಿದೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ನಾನು ಕಟ್ಟಿನ ಮೇಲೆ ನಡೆದುಹೋದೆ. 1958ರಲ್ಲಿ ಬಾಯಿ ಬಿಟ್ಟ ಜಾಗದಲ್ಲಿ ಈಗ ನಾಲ್ಕು ಕಲ್ಲುಗಳು ಜಾರಿ ಹೊಳೆಗೆ ಬಿದ್ದಿವೆ. ಅದರ ಪಕ್ಕದಲ್ಲಿಯೇ ಯಾರೋ ಬುಟ್ಟಿಯಲ್ಲಿ ತಂದು ಹಾಕಿದ ಹಸಿ ಜೇಡಿಮಣ್ಣಿತ್ತು. ಅದರ ಮೇಲೆ ಮೆಟ್ಟಿದ ಕಾಲಿನ ಗುರುತುಗಳಿದ್ದುವು. ವಿಚಾರಿಸಿದಾಗ, ಅದು ನಮ್ಮ ಹಳೆಯ ನೆರೆಮನೆಯ ಮೊಮ್ಮಗನ ಕೆಲಸವೆಂದು ತಿಳಿಯಿತು. ಆ ಭಾಗದ ಗದ್ದೆ ಅವರದಲ್ಲ, ನಮ್ಮದು. ಮರುದಿನ ಬೆಳಗಿನ ಇಳಿತದ ಹೊತ್ತಿಗೆ ನಾನೂ ಒಂದು ಬುಟ್ಟಿಯನ್ನು ಕೇಳಿ ಪಡೆದು ಅವನ ಜೊತೆಗೆ ಹೋದೆ. ಈ ವಯಸ್ಸಿನಲ್ಲಿ ಹೊತ್ತ ಮಣ್ಣು ಹೆಚ್ಚೇನೂ ಆಗಲಿಲ್ಲ. ಉಬ್ಬರ ಬರುವುದರೊಳಗೆ ಅಷ್ಟು ಜಾಗವನ್ನು ಮುಚ್ಚಿದೆವು.