ಕೀಲಿಗಳ ಕೆಳಗಿನ ತಗಡು

ನುಡಿ ತಂತ್ರಾಂಶದಲ್ಲಿ ‘ಸೂರಗೊಂಡನಕೊಪ್ಪ’ ಎಂದು ಬರೆಯಲು 13 ಕೀಲಿ ಒತ್ತಬೇಕು. ದೀರ್ಘಕ್ಕೊಮ್ಮೆ, ಸೊನ್ನೆಗೊಮ್ಮೆ ಶಿಫ್ಟ್ ಹಿಡಿಯಬೇಕು. ಕೊನೆಯ ‘ಪ್ಪ’ ಒಂದಕ್ಕೇ ಪಕಾರ, ಎಫ್ ಕೀಲಿ, ಮತ್ತೆ ಪಕಾರ ಎಂದು ಮೂರು ಏಟು. ಈ ಊರು ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿ 15ರ ಸೇವಾಲಾಲ್ ಜಯಂತಿ ಹತ್ತಿರ ಬಂದಂತೆ ನ್ಯಾಮತಿ, ಹೊನ್ನಾಳಿ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕರಪತ್ರಕ್ಕೆ, ಫ್ಲೆಕ್ಸಿಗೆ ಈ ಹೆಸರು ಮತ್ತೆ ಮತ್ತೆ ಟೈಪಾಗುತ್ತದೆ. ದಿನವಿಡೀ ಹೀಗೆ ಕೀಲಿ ಕುಟ್ಟುವವರಿಗೆ ಕೀಬೋರ್ಡಿನ ಸದ್ದೂ ಬೆರಳಿಗೆ ಬೀಳುವ ಪೆಟ್ಟೂ ಬರೀ ಶೋಕಿಯ ಸಂಗತಿಯಲ್ಲ. ಮೆಕ್ಯಾನಿಕಲ್ ಕೀಬೋರ್ಡುಗಳನ್ನು ಕೈಯಾರೆ ಜೋಡಿಸುವ ಹವ್ಯಾಸಿಗಳು ಇವೆರಡರ ಗುಟ್ಟು ಸ್ವಿಚ್ಚುಗಳನ್ನು ಹಿಡಿದಿಡುವ ತಗಡಿನಲ್ಲಿ, ಅಂದರೆ ಪ್ಲೇಟಿನಲ್ಲಿದೆ ಎನ್ನುತ್ತಾರೆ. ಹಿತ್ತಾಳೆ ಹಾಕಿದರೆ ಒಂದು ಸದ್ದು, ಪಾಲಿಕಾರ್ಬೊನೇಟ್ ಹಾಕಿದರೆ ಇನ್ನೊಂದು. ಈ ನಂಬಿಕೆ ಬೆಳೆದು ಬಂದ ದಾರಿಯನ್ನೊಮ್ಮೆ ನೋಡಿದರೆ, ಲೋಹದ ಹೆಸರಿಗೆ ಸಂದಿರುವ ಕೀರ್ತಿಯಲ್ಲಿ ಒಳ್ಳೆಯ ಪಾಲು ಬೇರೆಯವರಿಗೆ ಸಲ್ಲಬೇಕಾದದ್ದು ಎಂದು ಗೊತ್ತಾಗುತ್ತದೆ.

ರಬ್ಬರಿನ ಕಾಲ

ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡ ಬೆರಳಚ್ಚು ಕಚೇರಿಗಳನ್ನು ಹೊಕ್ಕಿತು. ಗೋದ್ರೆಜ್ ತನ್ನ ಮೊದಲ ಟೈಪ್‌ರೈಟರ್ ತಯಾರಿಸಿದ್ದು 1955ರಲ್ಲಿ. ಆ ಯಂತ್ರಗಳಲ್ಲಿ ಸದ್ದು ಹುಟ್ಟುತ್ತಿದ್ದುದು ಅಚ್ಚಿನ ಕಡ್ಡಿ ರಿಬ್ಬನ್ನು, ಕಾಗದಗಳ ಮೂಲಕ ರಬ್ಬರ್ ಉರುಳೆಗೆ ಬಡಿದಾಗ. ವರ್ಷಗಳು ಕಳೆದಂತೆ ಉರುಳೆಯ ರಬ್ಬರ್ ಗಟ್ಟಿಯಾಗುತ್ತದೆ, ಸದ್ದು ಚುರುಕಾಗುತ್ತದೆ, ಪೂರ್ಣವಿರಾಮ ಕಾಗದವನ್ನೇ ತೂತು ಮಾಡುತ್ತದೆ. ಪಳಗಿದ ಟೈಪಿಸ್ಟರು ಹಿಂದೆ ಇನ್ನೊಂದು ಹಾಳೆ ಸೇರಿಸಿ ಎರಡನ್ನೂ ತಗ್ಗಿಸುತ್ತಿದ್ದರು. ಪೆಟ್ಟು ಬೀಳುವ ಜಾಗದ ವಸ್ತು ಬದಲಾದರೆ ಸದ್ದು ಬದಲಾಗುತ್ತದೆ ಎಂಬ ಪಾಠ ಅಲ್ಲಿಯೇ ಇತ್ತು. ಹಾಳೆ ಮಾಡುತ್ತಿದ್ದ ಕೆಲಸವನ್ನು ಇಂದು ಫೋಮ್ ಮಾಡುತ್ತದೆ.

ಉಕ್ಕು ಮತ್ತು ಬರೀ ಬೋರ್ಡು

ಕಂಪ್ಯೂಟರಿನೊಡನೆ ಬಂದದ್ದು ಉಕ್ಕು. 1981ರ ಐಬಿಎಂ ಪಿಸಿಯ ಜತೆಗಿದ್ದ ‘ಮಾಡೆಲ್ ಎಫ್’ ಕೀಬೋರ್ಡಿನಲ್ಲಿ ಬಾಗಿದ ಎರಡು ಲೋಹದ ತಗಡುಗಳ ನಡುವೆ ಸರ್ಕ್ಯೂಟು, ಫೋಮು ಎಲ್ಲವನ್ನೂ ಅದುಮಿ ಇಟ್ಟಿದ್ದರು. 1985ರ ‘ಮಾಡೆಲ್ ಎಂ’ ಬರುವಾಗ ಖರ್ಚು ಇಳಿಸಲೆಂದು ಮೇಲಿನ ತಗಡಿನ ಜಾಗಕ್ಕೆ ಪ್ಲಾಸ್ಟಿಕ್ ಚೌಕಟ್ಟು ಬಂತು. ಅದನ್ನು ಕೆಳಗಿನ ಉಕ್ಕಿಗೆ ಪ್ಲಾಸ್ಟಿಕ್ ರಿವೆಟ್ಟುಗಳಿಂದ ಕೂಡಿಸಿದರು. ಸ್ಪ್ರಿಂಗ್ ಬಾಗಿ ಟಕ್ಕೆನ್ನುವ ತತ್ತ್ವ ಎರಡರಲ್ಲೂ ಅದೇ. ಆದರೂ ಎಫ್‌ನ ಸದ್ದಿನಲ್ಲಿ ಒಂದು ಲೋಹದ ಝೇಂಕಾರ ಉಳಿಯುತ್ತದೆ, ಎಂನ ಸದ್ದು ಒಣಕಲು.

ಜರ್ಮನಿಯ ಚೆರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳು ಬಂದದ್ದೂ 1980ರ ದಶಕದಲ್ಲೇ. ಇವನ್ನು ಎರಡು ಬಗೆಯಲ್ಲಿ ಕೂರಿಸಬಹುದು. 1.5 ಮಿ.ಮೀ. ದಪ್ಪದ ಪ್ಲೇಟಿನಲ್ಲಿ 14 ಮಿ.ಮೀ. ಚೌಕದ ಕಿಂಡಿ ಕೊರೆದು ಅದಕ್ಕೆ ಕಚ್ಚಿಸುವುದು ಒಂದು. ಪ್ಲೇಟೇ ಇಲ್ಲದೆ ನೇರ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವುದು ಇನ್ನೊಂದು. ಚೆರಿಯದೇ ಜಿ80-3000 ಎರಡನೆಯ ಬಗೆಯದು. ಒತ್ತಿದಾಗ ಬೋರ್ಡು ತುಸು ಬಾಗುವುದರಿಂದ ಅದರ ಏಟು ಮೆತ್ತಗೆ. ‘ಪ್ಲೇಟ್‌ಲೆಸ್’ ಎಂದು ಇಂದು ದುಬಾರಿ ಬೆಲೆಗೆ ಮಾರುವುದು ಒಂದು ಕಾಲದ ಸಾದಾ ಕಚೇರಿ ಕೀಬೋರ್ಡಿನ ರಚನೆಯನ್ನೇ.

ಕರ್ನಾಟಕದ ಕಚೇರಿಗಳಿಗೆ ಮೆಕ್ಯಾನಿಕಲ್ ಕೀಬೋರ್ಡ್ ಎಂದರೆ ಬಹುಕಾಲ ಟಿವಿಎಸ್ ಗೋಲ್ಡ್. ತುಮಕೂರಿನಲ್ಲೂ ಕಾರ್ಖಾನೆ ಇದ್ದ ಚೆನ್ನೈನ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಈ ಕೀಬೋರ್ಡಿಗೆ ಚೆರಿ ಎಂಎಕ್ಸ್ ಬ್ಲೂ ಸ್ವಿಚ್ಚು. 2010ರಲ್ಲಿ ರೂಪಾಯಿ ಚಿಹ್ನೆ ಬಂದ ಮೇಲೆ ಅದನ್ನೂ ಹೊತ್ತು ‘ಗೋಲ್ಡ್ ಭಾರತ್’ ಆಯಿತು. ಅದರ ಟಿಕ್‌ಟಿಕ್ ಸದ್ದು ಹುಟ್ಟುವುದು ಸ್ವಿಚ್ಚಿನೊಳಗೆ. ಅಲ್ಲಿ ಜಾರುವ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಚಿಮ್ಮಿ ಬಡಿಯುತ್ತದೆ. ಈ ಸದ್ದಿಗೂ ಪ್ಲೇಟಿಗೂ ಸಂಬಂಧ ತೀರಾ ಕಡಿಮೆ.

ಲೋಹಗಳ ಸರದಿ

2000ರ ದಶಕದ ಕೊನೆಯ ಹೊತ್ತಿಗೆ ಕೊರಿಯಾದ ಹವ್ಯಾಸಿಗಳು ಹಳೆಯ ಚೆರಿ ಸ್ವಿಚ್ಚುಗಳನ್ನು ಕಿತ್ತು, ಅಲ್ಯೂಮಿನಿಯಂ ಪೆಟ್ಟಿಗೆಗಳಲ್ಲಿ ತಾವೇ ಜೋಡಿಸತೊಡಗಿದರು. ಚೆರಿಯ ಪೇಟೆಂಟ್ ಮುಗಿದು ಚೀನಾದ ಗೇಟರಾನ್, ಕೈಲ್ ಕಂಪನಿಗಳ ಸ್ವಿಚ್ಚುಗಳು ಅಗ್ಗವಾದಾಗ ಹವ್ಯಾಸ ಎಲ್ಲೆಡೆ ಹಬ್ಬಿತು. ಪ್ಲೇಟಿಗೆ ಮೊದಲು ಉಕ್ಕು, ಅಲ್ಯೂಮಿನಿಯಂ; ನಂತರ ಭಾರಕ್ಕೆ, ಹೊಳಪಿಗೆ ಮನಸೋತು ಹಿತ್ತಾಳೆ; ಗಡಸು ಸಾಕಾದ ಮೇಲೆ ಸರ್ಕ್ಯೂಟ್ ಬೋರ್ಡಿನದೇ ವಸ್ತುವಾದ ಎಫ್‌ಆರ್4, ಪಾಲಿಕಾರ್ಬೊನೇಟ್, ಪಿಒಎಂ ಎಂಬ ಪ್ಲಾಸ್ಟಿಕ್‌ಗಳು.

ಈ ವಸ್ತುಗಳ ಬಿಗಿಯಲ್ಲಿ ಅಜಗಜಾಂತರವಿದೆ. ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್, ಹಿತ್ತಾಳೆಯದು 100, ಅಲ್ಯೂಮಿನಿಯಂನದು 70, ಎಫ್‌ಆರ್4ನದು 20ರ ಆಸುಪಾಸು, ಪಾಲಿಕಾರ್ಬೊನೇಟಿನದು ಎರಡೂಕಾಲು, ಎರಡೂವರೆ. ಆದರೆ ತಗಡಿನ ಸ್ವರ ಬಿಗಿಯೊಂದರಿಂದಲೇ ನಿಲ್ಲುವುದಿಲ್ಲ, ಸಾಂದ್ರತೆಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ಅಳತೆಯ ಬರೀ ತಗಡುಗಳನ್ನು ತಟ್ಟಿದರೆ ಉಕ್ಕು, ಅಲ್ಯೂಮಿನಿಯಂ ಎರಡೂ ಹೆಚ್ಚುಕಡಿಮೆ ಒಂದೇ ಸ್ವರ ಕೊಡುತ್ತವೆ. ಬಿಗಿ ಮೂರು ಪಟ್ಟು ಹೆಚ್ಚಿದ್ದರೂ ಉಕ್ಕು ಅಷ್ಟೇ ಪಟ್ಟು ಭಾರ. ಹಿತ್ತಾಳೆಯ ಕಂಪನ ಇವುಗಳ ಮೂರರಲ್ಲಿ ಎರಡು ಭಾಗ. ಎಫ್‌ಆರ್4 ಕೂಡ ಹತ್ತಿರ ಹತ್ತಿರ ಅಲ್ಲಿಗೇ ಬಂದು ನಿಲ್ಲುತ್ತದೆ. ಹಿತ್ತಾಳೆಗೂ ಸರ್ಕ್ಯೂಟ್ ಬೋರ್ಡಿನ ವಸ್ತುವಿಗೂ ಒಂದೇ ಸ್ವರವಾದರೆ ಕಿವಿಗೆ ಅವು ಬೇರೆಯಾಗಿ ಕೇಳುವುದೇಕೆ? ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಉತ್ತರ. ಲೋಹ ತನ್ನೊಳಗೆ ಕಂಪನವನ್ನು ಬಹಳ ನಿಧಾನವಾಗಿ ಅರಗಿಸಿಕೊಳ್ಳುತ್ತದೆ, ಪ್ಲಾಸ್ಟಿಕ್ ಥಟ್ಟನೆ ನುಂಗಿಬಿಡುತ್ತದೆ. ಇದರ ಮೇಲೆ ಸ್ವಿಚ್ಚು, ಕೀಕ್ಯಾಪುಗಳ ಹೊರೆ. ತೆಳು ಅಲ್ಯೂಮಿನಿಯಂ ತಗಡಿಗಿಂತ ಅದು ಹೊತ್ತ ಸರಂಜಾಮಿನ ತೂಕವೇ ಹೆಚ್ಚಿರುವುದರಿಂದ ಅದರ ಸ್ವರ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ.

ಹಿಡಿತದ ಪಾಲು

ಬಂಜಾರರ ಭಜನೆಯಲ್ಲಿ ನಂಗಾರಾ ಎಂಬ ನಗಾರಿಯ ಜತೆಗೆ ಕಂಚಿನ ತಾಟನ್ನೂ ಬಡಿಯುತ್ತಾರೆ. ತಾಟು ಅದೇ, ಕಂಚೂ ಅದೇ. ಅಂಚಿಗೆ ಅಂಗೈ ತಾಗಿತೋ, ನಾದ ಅಲ್ಲೇ ಅಡಗಿತು. ಕೀಬೋರ್ಡ್ ಕಟ್ಟುವವರು ಇದೇ ತೀರ್ಮಾನಕ್ಕೆ ತಲುಪಿದ್ದು ತಡವಾಗಿ. ಪೆಟ್ಟಿಗೆಯ ತಳಕ್ಕೆ ಅಲ್ಲಲ್ಲಿ ಸ್ಕ್ರೂ ಬಿಗಿದರೆ ಸ್ಕ್ರೂ ಇದ್ದ ಕಡೆ ಗಡಸು, ಇಲ್ಲದ ಕಡೆ ಮೆತ್ತಗೆ, ಒಂದೇ ಸಾಲಿನ ಕೀಲಿಗಳೂ ಬೇರೆ ಬೇರೆ ಸದ್ದು ಮಾಡುತ್ತವೆ. ಪ್ಲೇಟಿನ ಅಂಚನ್ನು ಪೆಟ್ಟಿಗೆಗೇ ಬಿಗಿದರೆ ಸದ್ದು ಸಮವಾಗುತ್ತದೆ, ಗಡಸು ಉಳಿಯುತ್ತದೆ. ಅಂಚಿಗೆ ಫೋಮ್ ಅಥವಾ ರಬ್ಬರಿನ ಪಟ್ಟಿ ಕೊಟ್ಟು ನಡುವೆ ತೇಲಿಸುವ ಗ್ಯಾಸ್ಕೆಟ್ ಮೌಂಟ್ ಮೂರನೆಯ ವಿಧಾನ. 2021ರಲ್ಲಿ ಬಂದ ಕೀಕ್ರಾನ್ ಕ್ಯೂ1ನಂಥವು ಇದನ್ನು ಅಂಗಡಿಯ ಮಾಲಾಗಿಸಿದವು. ಆಮೇಲೆ ಪ್ಲೇಟಿಗೂ ಸರ್ಕ್ಯೂಟ್ ಬೋರ್ಡಿಗೂ ನಡುವೆ, ಬೋರ್ಡಿನ ಕೆಳಗೆ ಫೋಮ್ ತುಂಬುವ ಪದ್ಧತಿ ಬಂತು. ಪದರ ಹೆಚ್ಚಿದಷ್ಟೂ ಪ್ಲೇಟಿನ ದನಿ ಕುಗ್ಗಿತು. ಹಿತ್ತಾಳೆಗೆ ಹಣ ತೆತ್ತು ಅದನ್ನು ಫೋಮಿನಲ್ಲಿ ಹೂತಿಡುವ ವಿಚಿತ್ರ ಹೀಗೆ ಹುಟ್ಟಿತು.

ದಪ್ಪವೂ ಕಡೆಗಣಿಸುವ ಸಂಗತಿಯಲ್ಲ. ಬಾಗುವ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟು. ಆದರೆ ಸ್ವಿಚ್ಚಿನ ಕೊಂಡಿ ಕಚ್ಚಲು 1.5 ಮಿ.ಮೀ. ಬೇಕೇ ಬೇಕು. ಹಾಗಾಗಿ ಈ ದಾರಿ ಮುಚ್ಚಿದಂತೆಯೇ, ಕೀಲಿಸಾಲುಗಳ ನಡುವೆ ಸೀಳು ಕೊರೆದು ಬಿಗಿ ಇಳಿಸುವುದಷ್ಟೇ ಉಳಿದ ಉಪಾಯ.

ಬೆರಳಿನ ಮಾತು

ಸ್ಪರ್ಶದಲ್ಲಿ ಪ್ಲೇಟಿನ ಪಾತ್ರ ಶುರುವಾಗುವುದು ಕೀಲಿ ತಳ ಮುಟ್ಟಿದ ಮೇಲೆ. ಎಂಎಕ್ಸ್ ಸ್ವಿಚ್ಚಿನ ಪೂರ್ತಿ ಓಟ 4 ಮಿ.ಮೀ., ಅಕ್ಷರ ಮೂಡುವುದು ಸರಿಸುಮಾರು ಅರ್ಧದಲ್ಲಿ. ತಳ ಮುಟ್ಟುವವರೆಗೆ ಬೆರಳಿಗೆ ತಾಗುವುದು ಸ್ವಿಚ್ಚಿನೊಳಗಿನ ಚಲನೆ ಮಾತ್ರ. ತಳಕ್ಕೆ ಗುದ್ದುವ ರೂಢಿಯವರಿಗೆ ಉಕ್ಕು ಪೆಟ್ಟನ್ನು ಹಾಗೇ ಹಿಂದಿರುಗಿಸುತ್ತದೆ, ಪಾಲಿಕಾರ್ಬೊನೇಟ್ ತುಸು ಜಗ್ಗುತ್ತದೆ. ಹಗುರ ಕೈಯವರಿಗೆ ಎರಡೂ ಒಂದೇ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಕಿರಿಕಿರಿಯಿದೆ. ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು. ಆ ಉದ್ದ ಕೀಲಿಯನ್ನು ಸಮತೋಲದಲ್ಲಿಡುವುದು ಸ್ಟೆಬಿಲೈಸರ್ ಎಂಬ ತಂತಿ. ಅದು ಸಡಿಲವಾದರೆ ಯಾವ ಲೋಹದ ಪ್ಲೇಟ್ ಹಾಕಿದರೂ ಗಲಗಲ ತಪ್ಪುವುದಿಲ್ಲ. ತಂತಿಯ ತುದಿಗೆ ಒಂದಿಷ್ಟು ಗ್ರೀಸ್ ಸವರಿದರೆ ಆಗುವ ವ್ಯತ್ಯಾಸ ಸಾವಿರಾರು ರೂಪಾಯಿಯ ಪ್ಲೇಟ್ ಬದಲಿಸಿದರೂ ಆಗದು.

ಈ ಕ್ಷೇತ್ರದ ದೊಡ್ಡ ಕೊರತೆ ಅಳತೆಯದು. ಹೋಲಿಕೆಯ ಧ್ವನಿಮುದ್ರಣಗಳಿಗೆ ಲೆಕ್ಕವಿಲ್ಲ. ಬಹುಪಾಲು ಮುದ್ರಣಗಳಲ್ಲಿ ಪ್ಲೇಟಿನ ಜತೆಗೆ ಸ್ವಿಚ್ಚು, ಕೀಕ್ಯಾಪ್, ಮೇಜು, ಮೈಕು ಎಲ್ಲವೂ ಬದಲಾಗಿರುತ್ತವೆ. ಸರಿಯಾದ ಪರೀಕ್ಷೆ ಕರ್ನಾಟಕದಲ್ಲೇ ಸಾಧ್ಯ. ಬೆಂಗಳೂರಿನ ಪೀಣ್ಯದಂಥ ಕಡೆ ಒಂದೇ ನಕ್ಷೆಯಿಂದ ಉಕ್ಕು, ಅಲ್ಯೂಮಿನಿಯಂ, ಹಿತ್ತಾಳೆ ಮೂರನ್ನೂ ಫೈಬರ್ ಲೇಸರಿನಲ್ಲಿ ಕತ್ತರಿಸಬಹುದು. ಪಾಲಿಕಾರ್ಬೊನೇಟ್ ಲೇಸರಿಗೆ ಸುಟ್ಟು ಹಳದಿಯಾಗುವುದರಿಂದ ಅದನ್ನು ಸಿಎನ್‌ಸಿಯಲ್ಲಿ ಕೊರೆಯಬೇಕು. ಉಳಿದುದೆಲ್ಲ ಹಾಗೇ ಇಟ್ಟು ಪ್ಲೇಟೊಂದನ್ನೇ ಬದಲಿಸಿ ಅಳೆದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಅಲ್ಲಿಯವರೆಗೆ ಕಾಸು ಖರ್ಚು ಮಾಡುವವರು ಈ ಕ್ರಮ ಹಿಡಿಯಬಹುದು: ಮೊದಲು ಸ್ವಿಚ್ಚು, ಆಮೇಲೆ ಸ್ಟೆಬಿಲೈಸರ್, ಆಮೇಲೆ ಕೀಕ್ಯಾಪ್ ಮತ್ತು ಪ್ಲೇಟನ್ನು ಕೂರಿಸುವ ವಿಧಾನ, ಕೊನೆಗೆ ಪ್ಲೇಟಿನ ವಸ್ತು. ಬ್ಲೂ ಸ್ವಿಚ್ಚಿನ ಕೀಬೋರ್ಡ್ ಇಟ್ಟುಕೊಂಡ ಡಿಟಿಪಿ ಅಂಗಡಿಯವರು ಕೊನೆಯದರ ಗೊಡವೆಗೇ ಹೋಗಬೇಕಿಲ್ಲ, ಕೆಳಗೊಂದು ದಪ್ಪ ಮ್ಯಾಟ್ ಹಾಸಿದರೆ ಸಾಕು. ಟಿಕ್ ಎನ್ನದೆ ನೇರ ಕೆಳಗಿಳಿಯುವ ಲೀನಿಯರ್ ಸ್ವಿಚ್ಚು ಹಾಕಿ, ಫೋಮ್ ಕಿತ್ತು, ತಳ ಮುಟ್ಟುವಂತೆ ಟೈಪ್ ಮಾಡುವವರಿಗೆ ಮಾತ್ರ ಹಿತ್ತಾಳೆಗೂ ಪಾಲಿಕಾರ್ಬೊನೇಟಿಗೂ ಇರುವ ಅಂತರ ಕೊಟ್ಟ ಹಣಕ್ಕೆ ತಕ್ಕಷ್ಟು ಕೇಳಿಸೀತು.